ದಿನಕ್ಕೆ ಎಷ್ಟು ಹುರುಳಿ?

ಮೂರು ವರ್ಷದ ಹಿಂದಿನ ಮಾತು. ಆಯುಧಪೂಜೆಗೆ ಎರಡು ದಿನ ಇರುವಾಗ ಮಧುಗಿರಿಯ ನಮ್ಮ ಮನೆ ಮುಂದೆ ಒಂದು ಕಪ್ಪು ಜರ್ಮನ್ ಸೆಡಾನ್ ತಂದು ನಿಲ್ಲಿಸಿದೆ. ಏಳು ವರ್ಷ ಹಳೇದು. ಹೊಸದಾಗಿದ್ದಾಗ 55 ಲಕ್ಷ, ನನಗೆ ಸಿಕ್ಕಿದ್ದು 17ಕ್ಕೆ. ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುವಷ್ಟು ಜೋರು. ಬೀದಿ ಹುಡುಗರೆಲ್ಲ ಸುತ್ತ ನೆರೆದರು. ಅಮ್ಮ ನಿಂಬೆಹಣ್ಣು ಹುಡುಕೋಕೆ ಒಳಗೆ ಹೋದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರ್ ಆಗಿರುವ ಅಪ್ಪ ಮಾತ್ರ ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಕೈಯಿಟ್ಟು, "ಚೆನ್ನಾಗಿದೆ ಕಣೋ. ದಿನಕ್ಕೆ ಎಷ್ಟು ಹುರುಳಿ ತಿನ್ನುತ್ತೆ?" ಅಂದರು.

ಮೈಲೇಜ್ ಕೇಳ್ತಿದ್ದಾರೆ ಅಂದುಕೊಂಡು, "ಲೀಟರಿಗೆ ಒಂಬತ್ತು, ಹತ್ತು ಕೊಡುತ್ತಪ್ಪ" ಅಂದೆ. ಅಪ್ಪ ನಕ್ಕು ಸುಮ್ಮನಾದರು. ಆ ನಗು ನನಗೆ ಅರ್ಥವಾಗೋಕೆ ಹದಿನಾಲ್ಕು ತಿಂಗಳು ಬೇಕಾಯ್ತು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಅದು ನಮ್ಮ ಎರಡನೇ ಕಾರಲ್ಲ, ಇದ್ದದ್ದೇ ಅದೊಂದು. ಹಳೇ ಸಣ್ಣ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟಿದ್ದೆ. ಬೆಂಗಳೂರಿನಲ್ಲಿ ನಾನು, ಹೆಂಡತಿ, ಮಗಳು. ಮಧುಗಿರಿಯಲ್ಲಿ ಅಪ್ಪ, ಅಮ್ಮ. ಅಮ್ಮನನ್ನು ತಿಂಗಳಿಗೆ ಎರಡು ಸಲ ತುಮಕೂರಿನ ಆಸ್ಪತ್ರೆಗೆ ಚೆಕಪ್‌ಗೆ ಕರಕೊಂಡು ಹೋಗಬೇಕು. ಮಗಳ ಶಾಲೆ, ನನ್ನ ಆಫೀಸು, ಅಮ್ಮನ ಆಸ್ಪತ್ರೆ, ಎಲ್ಲಕ್ಕೂ ಇದೊಂದೇ ಗಾಡಿ.

ಅಪ್ಪ ಕೇಳಿದ ಪ್ರಶ್ನೆ ನಮ್ಮ ಕಡೆಗೆ ಹೊಸದಲ್ಲ, ಕನಿಷ್ಠ ಮುನ್ನೂರು ವರ್ಷ ಹಳೇದು. ಅದನ್ನು ತಿಳಿಯೋಕೆ ಶಿರಾಕ್ಕೆ ಹೋಗಬೇಕು.

ಇವತ್ತು ಶಿರಾ ಅಂದರೆ ಪುಣೆ ಹೆದ್ದಾರಿಯಲ್ಲಿ ಕಾಫಿಗೆ ನಿಲ್ಲಿಸೋ ಊರು. ಆದರೆ ಬಿಜಾಪುರ ಬಿದ್ದ ಮೇಲೆ, 1687ರಲ್ಲಿ, ಔರಂಗಜೇಬ ತನ್ನ ಕರ್ನಾಟಕದ ಸುಬಾಕ್ಕೆ ಮುಖ್ಯಪಟ್ಟಣ ಮಾಡಿದ್ದು ಈ ಊರನ್ನೇ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂದು ಏಳು ಪರಗಣೆಗಳು ಅದರ ಕೆಳಗಿದ್ದವು. ಚಿತ್ರದುರ್ಗ, ಬಿದನೂರು, ಮೈಸೂರು ಕೂಡ ಕಪ್ಪ ಕೊಡುವ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಇಲ್ಲಿಗೆ ಬಂದ ಮೊದಲ ಮೊಗಲ್ ಅಧಿಕಾರಿ ಕಾಸಿಂ ಖಾನ್.

ಇದೇ ಕಾಸಿಂ ಖಾನ್ ಅದೇ ವರ್ಷ ಜುಲೈನಲ್ಲಿ ಬೆಂಗಳೂರನ್ನೂ ಹಿಡಿದ. ಆಗ ಬೆಂಗಳೂರು ಶಿವಾಜಿಯ ತಮ್ಮ ಏಕೋಜಿಯ ಕೈಯಲ್ಲಿತ್ತು. ಏಕೋಜಿ ದೂರದ ತಂಜಾವೂರಿನಲ್ಲಿ ರಾಜ್ಯಭಾರ ಮಾಡ್ತಿದ್ದ. ಅಷ್ಟು ದೂರದಿಂದ ಬೆಂಗಳೂರಿಗೆ ಕಾವಲಿಟ್ಟು ನೋಡಿಕೊಳ್ಳೋದು ಪೂರೈಸದೆ, 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರೋ ಮಾತುಕತೆಯಲ್ಲಿದ್ದ. ಕಾಸಿಂ ಖಾನ್ ಮಧ್ಯೆ ನುಗ್ಗಿ ಊರನ್ನು ಹಿಡಿದು, ಆಮೇಲೆ ಅದೇ 3 ಲಕ್ಷಕ್ಕೆ ಒಡೆಯರಿಗೆ ಬಿಟ್ಟುಕೊಟ್ಟ. ಅಂದರೆ ನೀವೂ ನಾನೂ ಇಎಂಐ ಕಟ್ಟುತ್ತಿರೋ ಈ ಊರೇ ಒಂದು ಸೆಕೆಂಡ್ ಹ್ಯಾಂಡ್ ವ್ಯಾಪಾರ. ಮಾರಿದವನಿಗೆ ಬೆಂಗಳೂರಿನ ಬೆಲೆ ಗೊತ್ತಿರಲಿಲ್ಲ ಅಂತಲ್ಲ, ಸಾಕೋಕೆ ಆಗ್ತಿರಲಿಲ್ಲ.

ಆ ಕಾಲದ ಐಷಾರಾಮಿ ಗಾಡಿ ಅಂದರೆ ಕುದುರೆ. ಒಳ್ಳೆ ಕುದುರೆ ನಮ್ಮ ನೆಲದಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ ದೇಶಗಳಿಂದ, ಪರ್ಷಿಯಾದಿಂದ ಹಡಗಿನಲ್ಲಿ ಬರಬೇಕಿತ್ತು. ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಒಂದು ತಮಾಷೆಯ ಸಂಗತಿ ಹೇಳುತ್ತಾನೆ. ಸಾಳುವ ನರಸಿಂಹ ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಬದುಕಿ ಬಂದದ್ದಕ್ಕೂ ದುಡ್ಡು, ಸಮುದ್ರದಲ್ಲಿ ಸತ್ತದ್ದಕ್ಕೂ ದುಡ್ಡು. ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕು. ಇಂಥ ವಾರಂಟಿ ಇವತ್ತು ಯಾವ ಕಂಪನಿಯೂ ಕೊಡಲ್ಲ. ಅದೂ ಮಾರುವವನಿಗೆ!

ಅದಕ್ಕಿಂತ ಹಳೇ ಮಾತು ಮಾರ್ಕೊ ಪೋಲೊನದು. ಹದಿಮೂರನೇ ಶತಮಾನದಲ್ಲಿ ತಮಿಳು ಕರಾವಳಿಯ ರಾಜರು ವರ್ಷ ವರ್ಷ ಸಾವಿರಾರು ಕುದುರೆ ಕೊಳ್ಳುತ್ತಿದ್ದರು. ಹೇಗೆ ಸಾಕಬೇಕು ಅಂತ ಗೊತ್ತಿಲ್ಲದೆ ಅವು ಸಾಯುತ್ತಲೇ ಇದ್ದವು. ಲಾಳ ಕಟ್ಟುವ, ಕುದುರೆಯ ಕಾಯಿಲೆ ಗೊತ್ತಿರುವ ಜನ ಅಲ್ಲಿರಲಿಲ್ಲ. ಕುದುರೆ ಮಾರುವವರೇ ಅಂಥವರನ್ನು ಅಲ್ಲಿಗೆ ಬರಲು ಬಿಡ್ತಿರಲಿಲ್ಲ ಅಂತಾನೆ ಪೋಲೊ. ಕುದುರೆ ಸಾಯ್ತಿದ್ದರೆ ತಾನೇ ಮುಂದಿನ ವರ್ಷವೂ ವ್ಯಾಪಾರ? ಇಂಜಿನ್ ಕಂಪ್ಯೂಟರ್ ತೆರೆಯೋಕೆ ಪಾಸ್‌ವರ್ಡ್ ಬೇಕು ಅಂತ ಊರಿನ ಮೆಕ್ಯಾನಿಕ್ ಕೈಚೆಲ್ಲಿದ ದಿನ ನನಗೆ ಈ ಕಥೆ ನೆನಪಾಗಿತ್ತು.

ಮೊಗಲರು ಈ ವಿಷಯದಲ್ಲಿ ಬಹಳ ಲೆಕ್ಕಾಚಾರದವರು. ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಕುದುರೆಗಳಿಗೆ ಏಳು ದರ್ಜೆಗಳಿವೆ. ಮೇಲ್ಗಡೆ ಅರಬಿ, ಆಮೇಲೆ ಇರಾಕಿ, ಮುಜನ್ನಸ್, ತುರ್ಕಿ, ಯಾಬು, ತಾಜಿ, ಎಲ್ಲಕ್ಕಿಂತ ಕೆಳಗೆ ಜಂಗ್ಲಾ. ದರ್ಜೆಗೆ ತಕ್ಕ ಹಾಗೆ ತಿಂಗಳ ಭತ್ಯೆ. ಅಂದರೆ ಸರ್ಕಾರ ಬರೀ ಕುದುರೆಯ ಬೆಲೆ ನೋಡ್ತಿರಲಿಲ್ಲ, ಅದರ ಹೊಟ್ಟೆಯನ್ನೂ ನೋಡ್ತಿತ್ತು. ಹಾಜರಿಯ ದಿನ ಬಾಡಿಗೆ ಕುದುರೆ ತಂದು ತೋರಿಸೋ ಅಧಿಕಾರಿಗಳೂ ಇದ್ದರು. ಅದಕ್ಕೇ ಕುದುರೆಗೆ ಬರೆ ಹಾಕಿ ಗುರುತು ಮಾಡೋ 'ದಾಗ್', ಬಣ್ಣ, ಮಚ್ಚೆ ಎಲ್ಲ ಬರೆದಿಡೋ 'ಚೆಹ್ರಾ' ಪದ್ಧತಿ ಇತ್ತು. ನಾವು ಹಳೇ ಕಾರು ಕೊಳ್ಳುವಾಗ ಚಾಸಿಸ್ ನಂಬರ್ ನೋಡಿ, ಸರ್ವೀಸ್ ರೆಕಾರ್ಡ್ ಕೇಳಿ, ಮೀಟರ್ ತಿರುಗಿಸಿದ್ದಾರಾ ಅಂತ ಅನುಮಾನಪಡೋದು ಅದೇ ಅನುಮಾನದ ಮೊಮ್ಮಗ.

ಈಗ ಕಾಸಿಂ ಖಾನನ ಕೊನೆಗೆ ಬರೋಣ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಕಾಡುವ ಭಾಗ ಇದು.

1695ರ ನವೆಂಬರ್. ಮರಾಠರ ಸಂತಾಜಿ ಘೋರ್ಪಡೆ ಈ ಕಡೆ ನುಗ್ಗಿದ್ದ. ಅವನನ್ನು ತಡೆಯೋಕೆ ಔರಂಗಜೇಬ ಕಾಸಿಂ ಖಾನನಿಗೆ ಅಪ್ಪಣೆ ಕೊಟ್ಟು, ಸಹಾಯಕ್ಕೆ ಖಾನಾಜಾದ್ ಖಾನ್ ಮುಂತಾದ ದೊಡ್ಡ ಸರದಾರರನ್ನು ಕಳಿಸಿದ. ಬಂದ ದೊಡ್ಡವರಿಗೆ ತಕ್ಕ ಔತಣ ಆಗಬೇಕಲ್ಲ? ಕಾಸಿಂ ಖಾನ್ ಆದವಾನಿ ಕೋಟೆಯಿಂದ ಒಳ್ಳೊಳ್ಳೆ ಡೇರೆಗಳನ್ನು, ಚಿನ್ನ ಬೆಳ್ಳಿಯ ಪಾತ್ರೆಗಳನ್ನು, ಪಿಂಗಾಣಿಯನ್ನು ತರಿಸಿ, ಆರು ಮೈಲಿ ಮುಂದಕ್ಕೆ ಕಳಿಸಿ ಬಿಡಾರ ಹಾಕಿಸಿದ. ಸಂತಾಜಿಗೆ ಸುದ್ದಿ ಸಿಕ್ಕಿತು. ಅವನ ಸವಾರರದ್ದು ಅರಬಿಯಲ್ಲ, ದಖ್ಖನಿನ ಗಿಡ್ಡ ತಟ್ಟುಗಳು. ಸಿಕ್ಕಿದ್ದು ತಿಂದು, ಎಲ್ಲಿ ಬೇಕಾದರೂ ಓಡುವಂಥವು. ಸೈನ್ಯವನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ಆ ಬಿಡಾರದ ಮೇಲೆ ಬಿಟ್ಟ. ಎಲ್ಲ ಲೂಟಿಯಾಗಿ ಬೂದಿಯಾಯ್ತು.

ಮೊಗಲ್ ಸೈನ್ಯ ಹಿಂದೆ ಸರಿದು ದೊಡ್ಡೇರಿಯ ಸಣ್ಣ ಕೋಟೆಯನ್ನು ಸೇರಿಕೊಂಡಿತು. ಇವತ್ತಿನ ಚಳ್ಳಕೆರೆ ತಾಲ್ಲೂಕು, ಪಾವಗಡದಿಂದ ಪಶ್ಚಿಮಕ್ಕೆ ಹೋದರೆ ಸಿಗುತ್ತೆ. ಕೋಟೆಯಲ್ಲಿದ್ದ ಜೋಳ, ಸಜ್ಜೆಯ ರೊಟ್ಟಿಯನ್ನೇ ದೊಡ್ಡವರು ಚಿಕ್ಕವರು ಎಲ್ಲರೂ ತಿಂದರು. ಕುದುರೆಗಳಿಗೆ ಗುಡಿಸಲಿನ ಸೂರಿನ ಹುಲ್ಲು ಕಿತ್ತು ಹಾಕಿದರು. ಆಮೇಲೆ ಅದೂ ಮುಗಿಯಿತು. ಕೆಲವೇ ದಿನದಲ್ಲಿ ಕಾಸಿಂ ಖಾನ್ ಸತ್ತ. ಅಫೀಮು ಸಿಗದೆ ಸತ್ತ ಅಂತ ಒಂದು ಮಾತು, ಅವಮಾನಕ್ಕೆ ವಿಷ ತಗೊಂಡ ಅಂತ ಇನ್ನೊಂದು. ಉಳಿದವರು ಆನೆ, ಕುದುರೆ, ಒಡವೆ ಎಲ್ಲ ಒಪ್ಪಿಸಿ, ಮೇಲೆ 20 ಲಕ್ಷ ರೂಪಾಯಿ ಕೊಡುವ ಮಾತಾಗಿ ಜೀವ ಉಳಿಸಿಕೊಂಡರು.

ದೊಡ್ಡೇರಿಯಲ್ಲಿ ಕುದುರೆಗಳ ಗುಣಮಟ್ಟ ಕಮ್ಮಿಯಿರಲಿಲ್ಲ. ಇಲ್ಲದ್ದು ಹುಲ್ಲು, ಹುರುಳಿ. ಈ ಬೆಂಗಾಡಿನ ಕೆಂಪು ಮಣ್ಣಿನಲ್ಲಿ, ಮಳೆ ಕೈಕೊಟ್ಟ ವರ್ಷದಲ್ಲೂ ಅಷ್ಟೋ ಇಷ್ಟೋ ಬೆಳೆಯೋದು ಹುರುಳಿ. ಅದನ್ನು ಬೇಯಿಸಿ ಕುದುರೆಗೆ ಹಾಕೋದು, ಕಟ್ಟು ಬಸಿದು ಮನುಷ್ಯರು ಸಾರು ಮಾಡಿಕೊಳ್ಳೋದು. ಅಪ್ಪ ಕೇಳಿದ 'ಎಷ್ಟು ಹುರುಳಿ' ಅಂದರೆ ಪೆಟ್ರೋಲ್ ಅಲ್ಲ. ನಿನ್ನ ಊರಿನಲ್ಲಿ, ನಿನ್ನ ನೆಲದಲ್ಲಿ, ಕಷ್ಟಕಾಲದಲ್ಲೂ ಇದನ್ನು ಸಾಕೋಕಾಗುತ್ತಾ ಅಂತ.

ಸರ್ದಾರರ ಕಥೆ ಬಿಡಿ, ಅವರಿಗೆ ಲಾಯದ ತುಂಬ ಕುದುರೆ. ನಮ್ಮಂಥ ಸಂಬಳದ ಜನ ಆಗ ಏನು ಮಾಡ್ತಿದ್ದರು? ಅವರಲ್ಲಿ ಎರಡು ಜಾತಿ. ಸರ್ಕಾರದ್ದೋ ಸರದಾರನದೋ ಕುದುರೆ ಏರಿ ಕಾದುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧ ತಂದು ನೌಕರಿಗೆ ಸೇರುವವನು ಸಿಲ್ಲೇದಾರ. ಸಿಲ್ಲೇದಾರನಿಗೆ ಸಂಬಳ ಜಾಸ್ತಿ, ಮರ್ಯಾದೆಯೂ ಜಾಸ್ತಿ. ಟಿಪ್ಪುವಿನ ನಂತರವೂ ಈ ವ್ಯವಸ್ಥೆ ಮೈಸೂರಿನಲ್ಲಿ ಉಳಿಯಿತು; 1807ರ ಒಪ್ಪಂದದಂತೆ ಕಂಪನಿಯ ನೆರವಿಗೆಂದು ಮೈಸೂರು 4,000 ಸವಾರರನ್ನು ಇಟ್ಟುಕೊಳ್ಳಬೇಕಿತ್ತು.

ಆದರೆ ಸಿಲ್ಲೇದಾರನ ಕುದುರೆ ಸತ್ತರೆ ನಷ್ಟ ಅವನದೇ. ಅವನ ಬಂಡವಾಳ, ಅವನ ನೌಕರಿ, ಅವನ ಮನೆಯವರ ಊಟ ಎಲ್ಲ ಆ ನಾಲ್ಕು ಕಾಲಿನ ಮೇಲೆ ನಿಂತಿರುತ್ತಿತ್ತು. ಇದರ ಪರಿಣಾಮವನ್ನು ಮೊಗಲ್ ಸೈನ್ಯದ ಬಗ್ಗೆ ಬರೆದ ಚರಿತ್ರಕಾರರು ಗುರುತಿಸಿದ್ದಾರೆ: ಸ್ವಂತ ಕುದುರೆಯವರು ಯುದ್ಧದಲ್ಲಿ ಮುಂದಕ್ಕೆ ನುಗ್ಗೋಕೆ ಹಿಂಜರಿಯುತ್ತಿದ್ದರು. ಹೇಡಿತನವಲ್ಲ ಅದು. ಯುದ್ಧಕ್ಕೆಂದೇ ತಂದ ಕುದುರೆ, ಆದರೆ ಯುದ್ಧದಲ್ಲಿ ಕಳೆದುಕೊಳ್ಳೋ ಹಾಗಿಲ್ಲ.

ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಕಿಟಕಿಯಿಂದ ಕೆಳಗೆ ನಿಂತಿದ್ದ ಕಾರನ್ನೇ ನೋಡಿದೆ.

ನಮ್ಮ ಕಾಲದ ಅರಬಿಗಳು ಈ ದಾರಿಗೆ ಬಂದದ್ದು ತಡವಾಗಿ. ಅಪ್ಪನ ಕಾಲದಲ್ಲಿ ಇದ್ದದ್ದು ಅಂಬಾಸಡರ್, ಫಿಯೆಟ್. 1984ರಿಂದ ದೊಡ್ಡವರಿಗೆ ಕಾಂಟೆಸ್ಸಾ. ಇವು ಕೆಟ್ಟರೆ ಕೊರಟಗೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನವನೂ ಬಿಚ್ಚಿ ಜೋಡಿಸುತ್ತಿದ್ದ. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ತಯಾರಾಗೋಕೆ ಶುರುವಾಯ್ತು. 2004ರಲ್ಲಿ ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ ಬಂತು. ನಾಲ್ಕು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು, ಬಾಣದ ಹಾಗೆ ಹೋಗೋ ಫ್ಯಾಮಿಲಿ ಕಾರು ಅಂದರೆ ಏನು ಅಂತ ನನ್ನ ತಲೆಮಾರಿನ ಹುಡುಗರಿಗೆ ತೋರಿಸಿದ್ದೇ ಅದು. 2007ರಲ್ಲಿ ಚೆನ್ನೈ ಹತ್ತಿರ ಬಿಎಂಡಬ್ಲ್ಯು ಕಾರ್ಖಾನೆ. ಇವತ್ತಿಗೂ ಪುಣೆಯ ಹೊಸ ಕಾರುಗಳು ಕಂಟೇನರ್ ಲಾರಿಯಲ್ಲಿ ಬೆಂಗಳೂರಿಗೆ ಬರೋದು ಶಿರಾ ಮೇಲೇ.

ಹಳೇದಾದ ಮೇಲೆ ಇವು ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತವೆ? ಮೊದಲ ಓನರ್ ದೊಡ್ಡ ಪೆಟ್ಟು ತಿಂದಿರುತ್ತಾನೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟೈಮ್ ಟ್ಯಾಕ್ಸೇ 18 ಪರ್ಸೆಂಟ್, ಮೇಲೆ ಸೆಸ್. 55 ಲಕ್ಷಕ್ಕೆ ಲೆಕ್ಕ ಹಾಕಿ, ಹತ್ತು ಲಕ್ಷ ದಾಟುತ್ತೆ. ಅದನ್ನು ಅವನು ಕಟ್ಟಿರುತ್ತಾನೆ, ನಮಗೆ ಪುಕ್ಕಟೆ. ಡೆಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸುವ ಹಾಗಿಲ್ಲ ಅಂತ ಆದ ಮೇಲೆ ಅಲ್ಲಿನ ಕಾರುಗಳೂ ದಕ್ಷಿಣದ ಕಡೆ ಮುಖ ಮಾಡಿವೆ.

ಆದರೆ ಒಂದು ಮಾತು ನೆನಪಿರಲಿ. ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ. ನಾನು 17 ಲಕ್ಷದ ಕಾರು ಕೊಂಡಿರಲಿಲ್ಲ. 55 ಲಕ್ಷದ ಕಾರನ್ನು 17 ಲಕ್ಷಕ್ಕೆ ಕೊಂಡಿದ್ದೆ. ಕುದುರೆಗೆ ವಯಸ್ಸಾಯ್ತು ಅಂತ ಅದು ಹುರುಳಿ ಕಮ್ಮಿ ತಿನ್ನಲ್ಲ. ಮೇಲಾಗಿ ಔಷಧಿ ಬೇರೆ.

ಮೊದಲ ವರ್ಷ ಸ್ವರ್ಗ. ತುಮಕೂರು ದಾಟಿದ ಮೇಲೆ ಶಿರಾವರೆಗಿನ ಹೆದ್ದಾರಿಯಲ್ಲಿ ಆ ಕಾರಿನ ಸುಖ ಏನು ಅಂತ ಹೇಳೋಕೆ ನನ್ನ ಹತ್ತಿರ ಮಾತಿಲ್ಲ. ಆದರೆ ನಿಧಾನಕ್ಕೆ ಒಂದು ಬದಲಾವಣೆ ಆಗ್ತಿತ್ತು. ಮಿಡಿಗೇಶಿ ಆಚೆ ಅಜ್ಜಿಯ ಊರಿಗೆ ಹೋಗೋದು ಬಿಟ್ಟೆ, ಕೊನೆಯ ಮೂರು ಕಿಲೋಮೀಟರ್ ಮಣ್ಣು ರಸ್ತೆ. ಮಳೆಗಾಲದಲ್ಲಿ ಮಧುಗಿರಿಗೆ ಬರೋದು ಕಮ್ಮಿಯಾಯ್ತು. ಸಿದ್ಧರಬೆಟ್ಟಕ್ಕೆ ಹೋಗೋಣ ಅಂತ ಮಗಳು ಹಟ ಮಾಡಿದರೆ 'ಕಾರು ತಾಗುತ್ತೆ ಪುಟ್ಟ' ಅನ್ನುತ್ತಿದ್ದೆ. ಎಲ್ಲಿಗೆ ಬೇಕಾದರೂ ಹೋಗೋಕೆ ಅಂತ ತಂದ ಗಾಡಿಯೇ ನಾನೆಲ್ಲಿಗೆ ಹೋಗಬಾರದು ಅಂತ ತೀರ್ಮಾನ ಮಾಡ್ತಿತ್ತು. ಸಿಲ್ಲೇದಾರ!

ಹದಿನಾಲ್ಕನೇ ತಿಂಗಳು, ಅಮ್ಮನ ಹರಕೆ ಅಂತ ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಹೊರಟೆವು. ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರ. ಮಧುಗಿರಿಯಿಂದ ಹೋಗೋ ದಾರಿಯೂ ಮಧ್ಯೆ ಆಂಧ್ರಕ್ಕೆ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತೆ. ಆ ತುಂಡಿನಲ್ಲೇ ಒಂದು ಗುಂಡಿ. 'ಢಬ್' ಅಂತ ಸದ್ದು. ಮುಂದಿನ ಟೈರು ಒಡೆದು, ಚಕ್ರ ಒಂದು ಕಡೆ ವಾಲಿತ್ತು. ಆ ಕಾರಿನಲ್ಲಿ ಸ್ಟೆಪ್ನಿಯೇ ಇರಲ್ಲ. ಪಂಕ್ಚರ್ ಅಂಗಡಿಯವನು ಬಂದು ಟೈರಿನ ಮೇಲಿದ್ದ ನಂಬರ್ ಓದಿ, "ಈ ಸೈಜು ಬೆಂಗಳೂರಲ್ಲೇ ಸಾರ್" ಅಂದ. ಸಹಾಯವಾಣಿಯ ಹುಡುಗಿ ಮೂರು ಸಲ ಕೇಳಿದಳು: "ಸರ್, ನೀವು ಕರ್ನಾಟಕದಲ್ಲಿದ್ದೀರಾ, ಆಂಧ್ರದಲ್ಲಾ?" ಬಿಸಿಲಲ್ಲಿ ನಾಲ್ಕು ಗಂಟೆ. ಕೊನೆಗೆ ಟೊಮೆಟೊ ಖಾಲಿ ಮಾಡಿ ವಾಪಸ್ ಬರ್ತಿದ್ದ ಒಂದು ಟೆಂಪೋ ನಮ್ಮನ್ನು ಮಧುಗಿರಿಗೆ ತಂದುಬಿಟ್ಟಿತು.

ಸಸ್ಪೆನ್ಷನ್ ಭಾಗ ಹೊರದೇಶದಿಂದ ಬರಬೇಕಿತ್ತು. 23 ದಿನ ಕಾರು ವರ್ಕ್‌ಶಾಪಿನಲ್ಲಿ ನಿಂತಿತು. ಬಿಲ್ಲು 1 ಲಕ್ಷ 90 ಸಾವಿರ. ಅದನ್ನು ಹೇಗೋ ಕಟ್ಟಿದೆ. ಕಟ್ಟೋಕಾಗದ್ದು ಇನ್ನೊಂದಿತ್ತು.

ಆ 23 ದಿನದಲ್ಲಿ ಅಮ್ಮನ ಎರಡು ಚೆಕಪ್ ಬಂದವು. 'ಟ್ಯಾಕ್ಸಿ ಮಾಡ್ಕೊಳ್ಳಿ, ದುಡ್ಡು ಹಾಕ್ತೀನಿ' ಅಂದೆ. 'ಆಯ್ತು' ಅಂದರು. ಸಂಜೆ ಫೋನ್ ಮಾಡಿದಾಗ ಅಮ್ಮ, "ಬಸ್ಸಲ್ಲೇ ಹೋಗ್ಬಂದ್ವಿ ಕಣೋ, ಕಿಟಕಿ ಸೀಟೇ ಸಿಕ್ತು" ಅಂದರು. ಕಿಟಕಿ ಸೀಟು ಸಿಕ್ಕಿದ್ದು ಕೊರಟಗೆರೆ ಆದಮೇಲೆ, ಅಲ್ಲಿವರೆಗೂ ಅಮ್ಮ ಕಂಬಿ ಹಿಡಕೊಂಡು ನಿಂತಿದ್ದರು ಅಂತ ಅಪ್ಪ ಹೇಳಿದ್ದು ಎರಡು ತಿಂಗಳಾದ ಮೇಲೆ. ಅದೂ ನಾನು ಕೇಳಿದ್ದಕ್ಕೆ.

ಕಾರು ರಿಪೇರಿಯಾಗಿ ಬಂತು. ಒಂದು ತಿಂಗಳು ಓಡಿಸಿ ಮಾರಿಬಿಟ್ಟೆ. ಕೊಂಡವರ ಮನೆಯಲ್ಲಿ ಆಗಲೇ ಎರಡು ಕಾರಿದ್ದವು. ಸರ್ವೀಸ್ ಫೈಲ್ ಕೇಳಿದರು, ಚಾಸಿಸ್ ನಂಬರ್ ನೋಡಿದರು, ಟೈರಿನ ಮೇಲೆ ಬೆರಳಾಡಿಸಿದರು. ಅವರಿಗೆ ಅದು ಸರಿಯಾದ ಕುದುರೆ. ಒಂದು ತಿಂಗಳು ಲಾಯದಲ್ಲಿ ಮಲಗಿದರೂ ಅವರ ಮನೆಯಲ್ಲಿ ಯಾರೂ ಕಂಬಿ ಹಿಡಕೊಂಡು ನಿಲ್ಲಲ್ಲ.

ಆದ್ದರಿಂದ ಇಂಥ ಕಾರು ತಗೋಬೇಡಿ ಅಂತ ನಾನು ಹೇಳಲ್ಲ. ಯಾರಾದರೂ ಕೇಳಿದರೆ ನಾನು ತಿರುಗಿ ಕೇಳೋದು ಮೂರು ಪ್ರಶ್ನೆ. ಕೊಂಡ ಬೆಲೆಯನ್ನಲ್ಲ, ಹೊಸ ಕಾರಿನ ಬೆಲೆಯನ್ನು ನೋಡಿ ವರ್ಷದ ರಿಪೇರಿಗೆ ದುಡ್ಡು ತೆಗೆದಿಟ್ಟಿದ್ದೀರಾ? ನೀವು ನಿಜವಾಗಿ ಓಡಾಡೋ ದಾರಿಯಲ್ಲಿ ಇದಕ್ಕೆ ಲಾಳ ಕಟ್ಟುವವರು ಇದ್ದಾರಾ? ಇದು ಇಪ್ಪತ್ತು ದಿನ ನಿಂತರೆ ನಿಮ್ಮ ಮನೆಯಲ್ಲಿ ಯಾರು ನಿಲ್ಲಬೇಕಾಗುತ್ತೆ? ಮೂರನೇದಕ್ಕೆ ನಾನು ಉತ್ತರ ಹುಡುಕಿರಲಿಲ್ಲ.

ಈಗ ನಮ್ಮ ಹತ್ತಿರ ಇರೋದು ನಾಲ್ಕು ವರ್ಷ ಹಳೇ ಸಣ್ಣ ಕಾರು. ಸ್ಟೆಪ್ನಿ ಇದೆ. ಹೆದ್ದಾರಿಯಲ್ಲಿ ದೊಡ್ಡ ಸೆಡಾನ್ ಒಂದು ಸುಯ್ಯೆಂದು ದಾಟಿ ಹೋದರೆ ಕಣ್ಣು ಈಗಲೂ ಅದರ ಹಿಂದೆಯೇ ಹೋಗುತ್ತೆ, ಸುಳ್ಳು ಯಾಕೆ ಹೇಳಲಿ. ಹೋದ ತಿಂಗಳು ಎಲ್ಲರೂ ಅಜ್ಜಿಯ ಊರಿಗೆ ಹೋಗಿದ್ದೆವು. ಕೊನೆಯ ಮೂರು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಅಡಿಗೆ ಎರಡು ಸಲ ಕಲ್ಲು ತಾಗಿತು, ನಾನು ಇಳಿದು ನೋಡಲಿಲ್ಲ. ವಾಪಸ್ ಬರುವಾಗ ಮಾವ ಹತ್ತು ಕೆಜಿ ಹುರುಳಿ ಮೂಟೆ ಕಟ್ಟಿ ಹಿಂದಿನ ಸೀಟಿನ ಮೇಲೆ ಇಟ್ಟರು. ಅಪ್ಪ ಅದರ ಮೇಲೆ ಕೈಯಿಟ್ಟುಕೊಂಡು ಮಧುಗಿರಿವರೆಗೂ ನಿದ್ದೆ ಮಾಡಿದರು.